ಈ ವಾರ ಕಲಿತದ್ದು

ಮೇಷ್ಟ್ರು ಭಾನುವಾರ ಕೆಂಪು ವಿಮಾನ ಹತ್ತಿ
ಪಕ್ಕದ ದ್ವೀಪದ ಮಕ್ಕಳ ಕಡೆ ಹೋದರು.
ಇನ್ನು ಆರು ವಾರ ನಾನೇ ಸ್ಕೂಲು.
ಅಡುಗೆಮನೆಯ ಮೇಜಿಗೆ ನಾಲ್ಕು ಬದಿ:
ಹನ್ನೊಂದರ ರೋನಾ, ಒಂಬತ್ತರ ಫರ್ಗಸ್, ಏಳರ ಟಿಲ್ಲಿ,
ನಾಲ್ಕನೆಯ ಬದಿಯಲ್ಲಿ ಹೆಚ್ಚದ ಈರುಳ್ಳಿ.
ಹಾಜರಿ ಪುಸ್ತಕದಲ್ಲಿಲ್ಲದ ನಾಲ್ಕರ ಔವೆನ್
ಮೇಜಿನ ಕೆಳಗೆ, ನಾಯಿಯ ಪಕ್ಕ.

ಸೋಮವಾರ ಗಾಳಿ.
ಫಾಕ್‌ಲ್ಯಾಂಡಿನಲ್ಲಿ ಅದು ಸುದ್ದಿಯಲ್ಲ;
ನಿಂತರೆ ಸುದ್ದಿ, ಹಗ್ಗದ ಮೇಲಿನ ಅಂಗಿಗಳಿಗೂ ದಿಗಿಲು.
ಫರ್ಗಸ್‌ಗೆ ಭಿನ್ನರಾಶಿ, ರೋನಾಗೆ ಬೀಜಗಣಿತ,
ಟಿಲ್ಲಿಗೆ ಓದು. ಅದೇ ಪುಟ, ಅದೇ ಬಾತುಕೋಳಿ,
ಮೂರು ವಾರವಾಯಿತು, ಅದಿನ್ನೂ ಕೆರೆ ದಾಟಿಲ್ಲ.

ಒಬ್ಬರಿಗೆ ಹೇಳಿಕೊಡುವಾಗ ಇನ್ನೊಬ್ಬರ ಪೆನ್ಸಿಲು ಮುರಿಯುತ್ತದೆ,
ಪೆನ್ಸಿಲು ಹೆರೆಯುವಾಗ ಒಲೆ ಆರುತ್ತದೆ,
ಜವುಗಿನಿಂದ ಕಡಿದು ಒಣಗಿಸಿದ ಪೀಟ್ ಹೆಂಟೆ ತುಂಬಿ
ಕೈ ತೊಳೆದು ಬಂದರೆ, ಎಲ್ಲಿದ್ದೆ ನಾನು?
‘ಎಕ್ಸ್ ಎಂದರೆ’ ಎಂಬಲ್ಲಿದ್ದೆ.
ಎಕ್ಸ್ ಎಂದರೆ ಏನೆಂದು ನನಗೆಲ್ಲಿ ಗೊತ್ತು,
ಹದಿನಾಲ್ಕಕ್ಕೇ ಪುಸ್ತಕ ಬಿಟ್ಟು ಕುರಿ ಎಣಿಸಿದವಳು.
ರೋನಾ ಪುಸ್ತಕವನ್ನು ನನ್ನ ಕಡೆ ತಿರುಗಿಸಿದಳು:
‘ಅಮ್ಮಾ, ಇದೊಂದು ಕುರಿ ಅಂದುಕೋ.
ಎಣಿಕೆಗೆ ಸಿಗದೆ ಗುಡ್ಡದ ಹಿಂದೆ ಉಳಿದದ್ದು.
ಎಷ್ಟು ಹೋದವು ಗೊತ್ತು, ಎಷ್ಟು ಬಂದವು ಗೊತ್ತು.’
ಅಷ್ಟು ಹೇಳಿ ತೋಳಿನಲ್ಲಿ ಮೂಗು ಒರೆಸಿಕೊಂಡಳು
ನನ್ನ ಟೀಚರಮ್ಮ.

ಮಂಗಳವಾರ ಸ್ಟ್ಯಾನ್ಲಿಯಿಂದ ಫೋನಿನ ಪಾಠ, ಇಪ್ಪತ್ತು ನಿಮಿಷ.
ಮೇಡಂ ಕೇಳಿದ್ದಕ್ಕೆಲ್ಲ ಫರ್ಗಸ್ ತಲೆಯಾಡಿಸಿದ,
ಬಹಳ ಶ್ರದ್ಧೆಯಿಂದ.
‘ಹಲೋ? ಇದ್ದೀಯಾ ಫರ್ಗಸ್?’
ಅದಕ್ಕೂ ತಲೆಯಾಡಿಸಿದ.

ಬುಧವಾರ ನನಗೆ ಸಿಟ್ಟು ಬಂತು.
ಅದನ್ನು ಬರೆಯಲು ವರದಿಯಲ್ಲಿ ಖಾನೆಯಿಲ್ಲ.
ಬಾತುಕೋಳಿಯ ಪುಸ್ತಕ ಕಿತ್ತು ಒಲೆಯ ಮೇಲಿಟ್ಟೆ.
ಮೇಲೆ, ಒಳಗಲ್ಲ;
ಆದರೆ ಏಳು ವರ್ಷಕ್ಕೆ ಆ ವ್ಯತ್ಯಾಸ ಬಹಳ ಸಣ್ಣದು.
ಬರಿಗಾಲಲ್ಲಿ ಓಡಿದಳು ಉಣ್ಣೆ ಕತ್ತರಿಸುವ ಶೆಡ್ಡಿಗೆ.
ಬೂಟು ಹಿಡಿದು ಹಿಂದೆ ಹೋದೆ.
ಹಡಗಿಗೆ ಕಾದ ಉಣ್ಣೆಯ ಮೂಟೆಗಳ ನಡುವೆ ಕೂತು
ಕಪ್ಪು ಮಸಿಯ ಅಚ್ಚಿನ ಮೇಲೆ ಬೆರಳಾಡಿಸುತ್ತಿದ್ದಳು:
‘ಬೆ... ಲ್ಲಿ... ಬೆಲ್ಲಿ.
ಅಮ್ಮಾ, ಹೊಟ್ಟೆಯ ಉಣ್ಣೆಗೆ ಬೇರೆ ಮೂಟೆಯಾ? ಯಾಕೆ?’
ನಾನು ಅಲ್ಲೇ ಕೂತೆ, ಬೂಟು ಮಡಿಲಲ್ಲಿ.
ಹೊಟ್ಟೆಯ ಉಣ್ಣೆಗೆ ಬೆಲೆ ಕಡಿಮೆ ಮಗಳೇ, ಎಂದೆ.
ಕುರಿ ಅದರ ಮೇಲೆಯೇ ಮಲಗುವುದಲ್ಲವೇ.

(ಬಾತುಕೋಳಿ ಗುರುವಾರವೂ ಕೆರೆ ದಾಟಲಿಲ್ಲ.)

ಗುರುವಾರ ಮಧ್ಯಾಹ್ನ ಮೇಜು ಬಿಟ್ಟು ಕಡಲಿಗೆ ಹೋದೆವು,
ಬ್ರೆಡ್ಡು, ಡಿಡ್ಲ್‌ಡೀ ಹಣ್ಣಿನ ಜಾಮು, ಒಂದೇ ಚಮಚ.
ಪೆಂಗ್ವಿನ್‌ಗಳಿಗೆ ಪುಕ್ಕ ಉದುರುವ ಕಾಲ.
ಹಳೆಯ ಅಂಗಿ ಕಳಚಿ ಹೊಸದು ಮೈಗೆ ಕೂರುವ ತನಕ
ನೀರಿಗಿಳಿಯುವಂತಿಲ್ಲ, ಮೀನಿಲ್ಲ, ಊಟವಿಲ್ಲ;
ಗಾಳಿಗೆ ಬೆನ್ನು ಕೊಟ್ಟು ನಿಂತಿದ್ದವು,
ಲೆಕ್ಕ ತಪ್ಪಿದ್ದಕ್ಕೆ ತರಗತಿಯ ಆಚೆ ನಿಲ್ಲಿಸಿದ ಹಾಗೆ.
ರೋನಾ ಅವುಗಳಿಂದ ಹತ್ತು ಹೆಜ್ಜೆ ದೂರ ನಿಂತಳು,
ಬಹಳ ಹೊತ್ತು, ಏನೂ ಕೇಳದೆ.
ಮುಂದಿನ ಫೆಬ್ರವರಿಗೆ ಅವಳು ಹಾಸ್ಟೆಲಿಗೆ.
ಆ ಕಾಗದ ಚಹಾದ ಡಬ್ಬಿಯ ಹಿಂದಿದೆ,
ಅಲ್ಲಿರುವುದು ಅವಳಿಗೂ ಗೊತ್ತು.

ಶುಕ್ರವಾರ ರಾತ್ರಿ ವರದಿ ಬರೆಯಲು ಕೂತೆ.
‘ಈ ವಾರ ಕಲಿತದ್ದು’: ಹೆಸರಿಗೆ ಒಂದೊಂದು ಸಾಲು.
ಫರ್ಗಸ್: ಮುಕ್ಕಾಲು ಜಾಡಿ ಅರ್ಧಕ್ಕಿಂತ ದೊಡ್ಡದು
(ಜಾಮು ತಿಂದು ಸಾಬೀತುಪಡಿಸಿದ್ದಾನೆ).
ಟಿಲ್ಲಿ: ಬೆಲ್ಲಿ.
ರೋನಾ: ಎಂದು ಬರೆದು ಪೆನ್ನು ಎತ್ತಿದೆ.
ಆಗ ಮೇಜಿನ ಕೆಳಗಿಂದ, ನಾಯಿಯ ಕಿವಿ ಹಿಡಿದು,
ಯಾರೂ ಏನೂ ಕಲಿಸದ ಔವೆನ್:
‘ಏಳೊಂದ್ಲಿ ಏಳು, ಏಳೆರಡ್ಲಿ ಹದಿನಾಲ್ಕು...’
ಅಣ್ಣ ಅಳುತ್ತಾ ಕಲಿತ ಮಗ್ಗಿ,
ಅಣ್ಣನ ಬಿಕ್ಕಳಿಕೆಯ ಸಮೇತ, ನಲವತ್ತೊಂಬತ್ತರ ತನಕ.
ಬಗ್ಗಿ ನೋಡಿದೆ. ನಾಯಿಗೆ ನಿದ್ದೆ ಬಂದಿತ್ತು.

ಡಂಕನ್ ಬೇಲಿ ಕಟ್ಟಿ ಬಂದ, ಗಡ್ಡದ ತುಂಬ ತಂಪು.
‘ಸ್ಕೂಲು ಹೇಗಾಯಿತು?’ ಎಂದ.
ಒಲೆ ಆರುತ್ತಿದೆ,
ಕೂರುವ ಮುಂಚೆ ಎರಡು ಹೆಂಟೆ ಹಾಕು, ಎಂದೆ.